ನಿತ್ಯದ ಬೇಸಾಯಕ್ಕೂ ಅಪರೂಪದ ಹೇರಿಗೂ ತಕ್ಕ ಟ್ರ್ಯಾಕ್ಟರು

ಟ್ರ್ಯಾಕ್ಟರನ್ನು ಕೊಳ್ಳಲು ಹೊರಡುವ ಜಮೀನುದಾರರಲ್ಲಿ ಬಹುಮಂದಿ ಮೊದಲು ವಿಚಾರಿಸುವುದು ಅದು ಎಷ್ಟು ಟನ್ ಎಳೆಯಬಲ್ಲುದೆಂಬುದನ್ನು. ಈ ಪ್ರಶ್ನೆ ಸಹಜವಾದುದೇ. ಆದರೆ ಮೊದಲು ಕೇಳತಕ್ಕದ್ದಲ್ಲ. ವರ್ಷದ ಬಹುಭಾಗ ಆ ಯಂತ್ರವು ಮಾಡುವ ಕೆಲಸ ಯಾವುದು, ಅಪರೂಪಕ್ಕೆ ಹೂಡುವ ಟ್ರೇಲರಿನ ಭಾರವನ್ನು ಇಳಿಜಾರಿನಲ್ಲಿ ಅದು ತಡೆದು ನಿಲ್ಲಿಸಬಲ್ಲುದೇ ಎಂಬ ಎರಡು ಸಂಗತಿಗಳು ನಿಶ್ಚಯವಾದ ಬಳಿಕ ಎಳೆಯುವ ಶಕ್ತಿಯ ವಿಚಾರ ಬರತಕ್ಕದ್ದು.

ನಿತ್ಯದ ಕೆಲಸವು ಭೂಮಿಯ ಗುಣವನ್ನು ಅನುಸರಿಸಿರುತ್ತದೆ. ಮಂಡ್ಯ, ಶಿವಮೊಗ್ಗ ಮುಂತಾದ ಕಡೆಗಳ ಗದ್ದೆಗಳಲ್ಲಿ ಕೆಸರು ಮಾಡುವುದಕ್ಕೆ ಬಹಳ ಭಾರವಾದ ಯಂತ್ರವು ಅನುಕೂಲವಲ್ಲ. ಅದರ ಚಕ್ರಗಳು ಹೂತುಹೋಗುತ್ತವೆ. ಸಾಮಾನ್ಯ ಹಿಡುವಳಿಯ ಗದ್ದೆಗೆ 30ರಿಂದ 40 ಅಶ್ವಶಕ್ತಿಯ ಹಗುರವಾದ ಟ್ರ್ಯಾಕ್ಟರು ಸಾಕಾಗುವುದು. ಧಾರವಾಡ, ಗದಗ, ರಾಯಚೂರು ಸೀಮೆಗಳ ಎರೆಭೂಮಿಯನ್ನು ಆಳವಾಗಿ ಉಳಬೇಕಾದರೆ 45ರಿಂದ 50 ಅಶ್ವಶಕ್ತಿ ಬೇಕಾಗಬಹುದು. ಎಂಜಿನ್ನಿನ ಶಕ್ತಿಯೆಂದು ಬರೆದಿರುವುದೆಲ್ಲವೂ ಕೆಲಸಕ್ಕೆ ದೊರೆಯುವುದಿಲ್ಲವೆಂಬುದನ್ನೂ ನೆನಪಿನಲ್ಲಿಡಬೇಕು. ಮಧ್ಯಪ್ರದೇಶದ ಬುದ್ನಿಯಲ್ಲಿರುವ ಕೇಂದ್ರ ಸರ್ಕಾರದ ಕೃಷಿಯಂತ್ರ ಪರೀಕ್ಷಾ ಸಂಸ್ಥೆಯು ಟ್ರ್ಯಾಕ್ಟರುಗಳನ್ನು ಪರೀಕ್ಷಿಸಿ ವರದಿ ಕೊಡುತ್ತದೆ. ಕೊಳ್ಳುವ ಮುನ್ನ ಮಾರಾಟಗಾರರಿಂದ ಆ ವರದಿಯನ್ನು ಕೇಳಿ ಪಡೆದು, ಪಿ.ಟಿ.ಓ. ಶಕ್ತಿಯನ್ನೂ ಎಳೆತದ ಶಕ್ತಿಯನ್ನೂ ನೋಡುವುದು ಮೇಲು.

ಇನ್ನು ಹೇರಿನ ವಿಚಾರ. ಒಬ್ಬ ರೈತನಿಗೆ 3 ಎಕರೆ ಕಬ್ಬು ಇರುವುದೆಂದೂ, ಎಕರೆಗೆ 40 ಟನ್ನಿನಂತೆ 120 ಟನ್ ಬರುವುದೆಂದೂ ಇಟ್ಟುಕೊಳ್ಳೋಣ. ಒಂದು ಹೇರಿಗೆ 5 ಟನ್ನಿನಂತೆ ಸಾಗಿಸಿದರೆ ಕಾರ್ಖಾನೆಗೆ ಒಟ್ಟು 24 ಹೇರುಗಳಾದವು. ಈ 24 ಹೇರುಗಳಿಗೋಸ್ಕರ ದೊಡ್ಡ ಯಂತ್ರಕ್ಕೆ ಹೆಚ್ಚು ಹಣ ತೆತ್ತು, ಉಳಿದ ದಿನಗಳಲ್ಲಿ ಹಗುರವಾದ ಕೆಲಸಕ್ಕೂ ಹೆಚ್ಚು ಡೀಸೆಲ್ ಸುಡುವುದು ಲಾಭವೋ, ಆ ಕೆಲವು ದಿನಗಳ ಮಟ್ಟಿಗೆ ಬಾಡಿಗೆಯ ವಾಹನವನ್ನು ಗೊತ್ತುಮಾಡುವುದು ಲಾಭವೋ ಎಂಬುದನ್ನು ಪ್ರತಿಯೊಬ್ಬರೂ ತಮ್ಮ ತಮ್ಮ ಲೆಕ್ಕ ಹಾಕಿ ತಿಳಿಯಬಹುದು. ನಿತ್ಯದ ಕೆಲಸಕ್ಕೆ ಯಂತ್ರವನ್ನು ಆರಿಸಿ, ಆ ಯಂತ್ರಕ್ಕೆ ತಕ್ಕಂತೆ ಹೇರನ್ನು ಇಳಿಸುವುದೇ ಸರಿಯಾದ ಕ್ರಮವು.

ಹೇರನ್ನು ಇಳಿಸಬೇಕೆಂಬುದಕ್ಕೆ ಹಣಕ್ಕಿಂತಲೂ ದೊಡ್ಡ ಕಾರಣವಿದೆ. ಟ್ರ್ಯಾಕ್ಟರಿನ ತೂಕ 2 ಟನ್, ಬರಿಯ ಟ್ರೇಲರಿನದು 1½ ಟನ್, ಕಬ್ಬು 5 ಟನ್; ಒಟ್ಟು 8½ ಟನ್. ಹತ್ತು ಅಡಿಗೆ ಒಂದು ಅಡಿ ಇಳಿಯುವ ದಾರಿಯಲ್ಲಿ ಇದರ ಹತ್ತನೆಯ ಒಂದು ಪಾಲು, ಎಂದರೆ ಸುಮಾರು 850 ಕಿಲೋಗ್ರಾಂ ಭಾರವು, ಎಡೆಬಿಡದೆ ಕೆಳಕ್ಕೆ ನೂಕುತ್ತಿರುತ್ತದೆ. ಸಾಧಾರಣ ಟ್ರ್ಯಾಕ್ಟರುಗಳಲ್ಲಿ ಬ್ರೇಕು ಇರುವುದು ಹಿಂದಿನ ಎರಡು ಚಕ್ರಗಳಿಗೆ ಮಾತ್ರ. ಟ್ರೇಲರಿಗೆ ಬ್ರೇಕಿಲ್ಲದಿದ್ದರೆ ಆ ಎರಡು ಚಕ್ರಗಳೇ ಎಲ್ಲವನ್ನೂ ತಡೆಯಬೇಕು. ನೆಲ ಒದ್ದೆಯಾಗಿದ್ದರೆ ಅವು ಜಾರುತ್ತವೆ. ಹಿಂದಿನ ಭಾರವು ಟ್ರ್ಯಾಕ್ಟರನ್ನು ಪಕ್ಕಕ್ಕೆ ತಿರುಗಿಸಿ ಉರುಳಿಸುತ್ತದೆ. ವೇಗವು ಎರಡರಷ್ಟಾದರೆ ನಿಲ್ಲಲು ಬೇಕಾಗುವ ದೂರವು ನಾಲ್ಕರಷ್ಟಾಗುತ್ತದೆ. ಎಂಜಿನ್ನಿನ ಬಲ ಸಾಲದಿದ್ದರೆ ಹೇರನ್ನು ಎರಡು ಪಾಲು ಮಾಡಬಹುದು. ಬ್ರೇಕಿನ ಬಲ ಸಾಲದೆಂದು ಇಳಿಜಾರಿನ ನಡುವೆ ತಿಳಿದುಬಂದರೆ ಮಾಡತಕ್ಕದ್ದೇನೂ ಉಳಿಯುವುದಿಲ್ಲ. ಆದಕಾರಣ ಟ್ರೇಲರಿನ ಚಕ್ರಗಳಿಗೂ ಬ್ರೇಕು ಇರುವುದನ್ನೇ ಕೊಳ್ಳಬೇಕು; ಅದನ್ನು ನಡೆಸುವ ಜೋಡಣೆ ಟ್ರ್ಯಾಕ್ಟರಿನಲ್ಲಿ ಉಂಟೇ ಎಂಬುದನ್ನು ಮೊದಲೇ ವಿಚಾರಿಸಬೇಕು.

ಹೇರನ್ನು ಹೇರುವ ಕ್ರಮವು ಎತ್ತಿನ ಗಾಡಿ ಹೊಡೆದವರಿಗೆ ಹೊಸದಲ್ಲ. ಗಾಡಿ ಹಿಂಭಾರವಾದರೆ ನೊಗ ಮೇಲಕ್ಕೆದ್ದು ಎತ್ತಿನ ಕೊರಳು ಬಿಗಿಯುತ್ತದೆ. ಮುಂಭಾರವಾದರೆ ಹೆಗಲು ಕುಸಿಯುತ್ತದೆ. ಎರಡು ಚಕ್ರದ ಟ್ರೇಲರಿಗೂ ಇದೇ ನ್ಯಾಯ. ಭಾರವು ಅಚ್ಚಿನಿಂದ ಹಿಂದಕ್ಕೆ ಬಿದ್ದರೆ ಟ್ರ್ಯಾಕ್ಟರಿನ ಹಿಂದಿನ ಚಕ್ರಗಳು ನೆಲದ ಹಿಡಿತವನ್ನು ಕಳೆದುಕೊಳ್ಳುತ್ತವೆ. ಕೊಂಡಿಯ ಮೇಲೆ ಮಿತಿಮೀರಿ ಬಿದ್ದರೆ ಮುಂದಿನ ಚಕ್ರಗಳು ಹಗುರಾಗಿ ತಿರುಗಿಸಿದ ಕಡೆಗೆ ತಿರುಗುವುದಿಲ್ಲ. ಟ್ರೇಲರನ್ನು ತಯಾರಕರು ಗೊತ್ತುಮಾಡಿದ ಕೆಳಗಿನ ಕೊಂಡಿಗಲ್ಲದೆ ಮೇಲಿನ ಯಾವ ಭಾಗಕ್ಕೂ ಕಟ್ಟಕೂಡದು. ಕಟ್ಟಿದರೆ ಏರಿನಲ್ಲಿ ಮುಂಭಾಗವು ಮೇಲೆದ್ದು ಯಂತ್ರವು ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಚಾಲಕನ ಮೇಲೆ ಮಗುಚುವ ಭಯವಿದೆ.

ಹೊಲದಲ್ಲಿ ತಿರುಗುವ ಅನುಕೂಲಕ್ಕಾಗಿ ಎಡಬಲದ ಬ್ರೇಕುಗಳಿಗೆ ಬೇರೆ ಬೇರೆ ಪೆಡಲುಗಳಿರುತ್ತವೆ. ರಸ್ತೆಗೆ ಇಳಿಯುವ ಮೊದಲು ಅವೆರಡನ್ನೂ ಚಿಲಕದಿಂದ ಕೂಡಿಸಬೇಕು. ಒಂದೇ ಕಡೆಯ ಬ್ರೇಕು ಹಿಡಿದರೆ ಯಂತ್ರವು ಆ ಕಡೆಗೆ ತಿರುಗಿ ಉರುಳಬಹುದು. ಇಳಿಜಾರನ್ನು ಕೆಳಗಿನ ಗೇರಿನಲ್ಲಿಯೇ ಇಳಿಯಬೇಕು. ಡೀಸೆಲ್ ಉಳಿಸುವ ಆಸೆಯಿಂದ ನ್ಯೂಟ್ರಲಿನಲ್ಲಿ ಬಿಡಕೂಡದು. ರಾತ್ರಿ ಸಾಗುವ ಟ್ರೇಲರಿಗೆ ಹಿಂದೆ ಕೆಂಪು ದೀಪವೂ ಹೊಳೆಯುವ ಪಟ್ಟಿಯೂ ಇರಲೇಬೇಕು.

ಗ್ರಾಮದ ಮುಖಂಡರು ವಿಶೇಷವಾಗಿ ಗಮನಿಸಬೇಕಾದ ಸಂಗತಿಯೊಂದುಂಟು. ಜಾತ್ರೆಗೂ ಮದುವೆಯ ದಿಬ್ಬಣಕ್ಕೂ ಟ್ರೇಲರಿನಲ್ಲಿ ಹೆಂಗಸರು ಮಕ್ಕಳನ್ನು ತುಂಬಿಕೊಂಡು ಹೋಗುವ ರೂಢಿ ಅನೇಕ ಹಳ್ಳಿಗಳಲ್ಲಿದೆ. 1988ರ ಮೋಟಾರು ವಾಹನ ಕಾಯಿದೆಯ ಪ್ರಕಾರ ಟ್ರೇಲರೂ ಒಂದು ವಾಹನವೇ. ಅದಕ್ಕೂ ನೋಂದಣಿ ಬೇಕು. ಆದರೆ ಸರಕಿಗಾಗಿ ನೋಂದಣಿಯಾದ ಟ್ರೇಲರು ಜನರನ್ನು ಸಾಗಿಸತಕ್ಕದ್ದಲ್ಲ. ಅದು ಮಗುಚಿದಾಗ ಕಬ್ಬಿನ ಹೇರಾದರೆ ಮತ್ತೆ ತುಂಬಿಕೊಳ್ಳಬಹುದು. ದಿಬ್ಬಣಕ್ಕೆ ಬಸ್ಸನ್ನು ಗೊತ್ತುಮಾಡುವ ಖರ್ಚನ್ನು ಊರಿನವರು ಕೂಡಿ ಹಂಚಿಕೊಳ್ಳುವಂತೆ ಮುಖಂಡರು ಒಂದು ಕಟ್ಟುಪಾಡು ಮಾಡಿದಲ್ಲಿ ಟ್ರ್ಯಾಕ್ಟರು ತನ್ನ ಹೊಲದ ಕೆಲಸದಲ್ಲಿಯೂ, ಮಿತವಾದ ಹೇರಿನಲ್ಲಿಯೂ ಬಹುಕಾಲ ಉಪಯೋಗಕ್ಕೆ ಬರುವುದು.