ಅರ್ಧ ಆದ ಆಟಕ್ಕೆ ದುಡ್ಡು

ನಾಟ್ರಾಂಪಾಳ್ಯ ಇರುವ ಕೃಷ್ಣಗಿರಿ ಜಿಲ್ಲೆಯಲ್ಲಿ ಮಾವು ಹೂವಲ್ಲಿರುವಾಗಲೇ ತೋಟದ ವ್ಯಾಪಾರ ಆಗುವುದುಂಟು. ಕಂಪ್ಯೂಟರ್ ಆಟಗಳನ್ನೂ ಹೀಗೇ ಮಾರುತ್ತಾರೆ. ಆಟ ಅರ್ಧ ಆಗಿರುತ್ತದೆ. ದುಡ್ಡು ಕೊಟ್ಟವರು ಆಡಬಹುದು, ತಪ್ಪು ಕಂಡರೆ ಹೇಳಬಹುದು. ಮಿಕ್ಕ ಕೆಲಸ ಆಮೇಲೆ. ಇದಕ್ಕೆ ‘ಅರ್ಲಿ ಆಕ್ಸೆಸ್’ ಅಂತಾರೆ.

ಎಷ್ಟು ವರ್ಷ ಕಾಯೋದು? ‘ಹೇಡಿಸ್’ ಆಟ 2018ರಲ್ಲಿ ಹೀಗೆ ಬಂದು 2020ರಲ್ಲಿ ಪೂರ್ತಿಯಾಯಿತು. ‘7 ಡೇಸ್ ಟು ಡೈ’ 2013ರಲ್ಲಿ ಬಂತು, ಪೂರ್ತಿಯಾದದ್ದು 2024ರಲ್ಲಿ. ಮೊದಲು ಕೊಂಡ ಹುಡುಗನಿಗೆ ಅಷ್ಟರಲ್ಲಿ ಮದುವೆಯೇ ಆಗಿರಬಹುದು! ಎರಡು ಮೂರು ವರ್ಷ ಸಾಕು. ಆದರೆ ಕೆಲಸ ನಡೀತಿದೆಯಾ ಅನ್ನೋದು ಅದಕ್ಕಿಂತ ಮುಖ್ಯ. ಕೆಲವು ಆಟ ನಡುವೆಯೇ ನಿಂತುಹೋಗುತ್ತವೆ.

‘ಸ್ಟೀಮ್’ ಎಂಬ ಆಟದ ಅಂಗಡಿಯಲ್ಲಿ ಕೊಂಡ 14 ದಿನದೊಳಗೆ, 2 ಗಂಟೆಗಿಂತ ಕಡಿಮೆ ಆಡಿದ್ದರೆ ದುಡ್ಡು ವಾಪಸ್ ಕೇಳಬಹುದು. ಆಟ ಪೂರ್ತಿಯಾಗಲು ವರ್ಷಗಟ್ಟಲೆ ಬೇಕಲ್ಲ! ಆದ್ದರಿಂದ ಮಕ್ಕಳು ದುಡ್ಡು ಕೇಳಿದರೆ, ಆಟವನ್ನು ಕೊನೆಗೆ ಯಾವಾಗ ತಿದ್ದಿದ್ದಾರೆ ಅಂತ ಅವರಿಂದಲೇ ಓದಿಸಿ. ಈಗ ಇರುವಷ್ಟು ಆಟಕ್ಕೆ ಆ ಬೆಲೆ ಸರಿಯಾ ಅಂತಲೂ ಕೇಳಿ.