ಏಡಿಯ ಐಸ್‌ಕ್ರೀಮ್, ಅಜ್ಜಿಯ ಮಸಾಲೆ

1956ರಲ್ಲಿ ಸಿಂಗಪುರದಲ್ಲಿ ಚೆರ್ ಯಾಮ್ ತಿಯಾನ್ ಎಂಬ ಗೃಹಿಣಿ ತಳ್ಳುಗಾಡಿಯಲ್ಲಿ ಏಡಿ ಮಾರಲು ಶುರುಮಾಡಿದರು. ಆವಿಯಲ್ಲಿ ಬೇಯಿಸಿದ ಸಪ್ಪೆ ಏಡಿ ಸಾಕಾಯಿತು, ಬೇರೆ ಏನಾದರೂ ಮಾಡು ಎಂದು ಗಂಡ ಕೇಳಿದ್ದರಂತೆ. ಆಕೆ ಬಾಟಲಿಯ ಟೊಮೆಟೊ ಸಾಸ್ ಸುರಿದರು, ಆಮೇಲೆ ಮೆಣಸಿನಕಾಯಿ ಸೇರಿಸಿದರು. ಕೆಲ ವರ್ಷಗಳ ನಂತರ ಹೂಯ್ ಕೋಕ್ ವಾ ಎಂಬ ಬಾಣಸಿಗ ಅದಕ್ಕೆ ಸಂಬಲ್ ಎಂಬ ಮೆಣಸಿನಕಾಯಿ ಚಟ್ನಿ, ಟೊಮೆಟೊ ಪೇಸ್ಟ್ ಮತ್ತು ಮೊಟ್ಟೆ ಹಾಕಿ ಇನ್ನೊಂದು ರೂಪ ಕೊಟ್ಟರು. ಇಂದು ಸಿಂಗಪುರಕ್ಕೆ ಹೋದವರಿಗೆಲ್ಲ 'ಇದು ನಮ್ಮ ಸಾಂಪ್ರದಾಯಿಕ ಅಡುಗೆ' ಎಂದು ಬಡಿಸುವ ಚಿಲ್ಲಿ ಕ್ರ್ಯಾಬ್‌ನ ವಂಶಾವಳಿ ಇಷ್ಟೇ. ಅದಕ್ಕಿನ್ನೂ ಎಪ್ಪತ್ತರ ಆಸುಪಾಸು.

ಮೀನಿನ ತಲೆ ಕರಿಯ ಕಥೆಯೂ ಇಂಥದ್ದೇ. ಕೇರಳದಿಂದ ಹೋಗಿ ಹೋಟೆಲು ನಡೆಸುತ್ತಿದ್ದ ಎಂ.ಜೆ. ಗೋಮೆಜ್ ಎಂಬುವರು, ಚೀನೀ ಗಿರಾಕಿಗಳಿಗೆ ಮೀನಿನ ತಲೆ ಎಂದರೆ ಪ್ರಾಣ ಎಂಬುದನ್ನು ಗಮನಿಸಿ, ತಮ್ಮೂರಿನ ಸಾರಿಗೆ ಅದನ್ನು ಇಳಿಬಿಟ್ಟರು ಎನ್ನುತ್ತಾರೆ. ಕೇರಳದಲ್ಲಿ ಅದು ಆ ರೂಪದಲ್ಲಿ ಇರಲಿಲ್ಲ, ಚೀನಾದಲ್ಲಂತೂ ಇಲ್ಲವೇ ಇಲ್ಲ.

ಆದ್ದರಿಂದ, ಹಾನ್ ಲೀ ಗ್ವಾಂಗ್ ಎಂಬ ಮಾಜಿ ಬ್ಯಾಂಕ್ ಉದ್ಯೋಗಿ 2014ರಲ್ಲಿ 'ಲ್ಯಾಬಿರಿಂತ್' ರೆಸ್ಟೋರೆಂಟ್ ತೆರೆದು ಚಿಲ್ಲಿ ಕ್ರ್ಯಾಬ್ ಸಾಸನ್ನೇ ಐಸ್‌ಕ್ರೀಮ್ ಮಾಡಿ, ಕರಿದ ಮೆತ್ತನೆ ಚಿಪ್ಪಿನ ಏಡಿಯ ಜೊತೆ ಬಡಿಸಿದಾಗ ಪರಂಪರೆ ಕೆಟ್ಟಿತು ಎಂದು ಹುಬ್ಬೇರಿಸುವುದು ನ್ಯಾಯವಲ್ಲ. ಟೊಮೆಟೊ ಸಾಸ್ ಸುರಿದ ಕೈ ಮಾಡಿದ್ದನ್ನೇ ಈ ಕೈಯೂ ಮಾಡಿದೆ.

ಈ ಬಗೆಯ ಅಡುಗೆಗೆ ಹೆಸರಿಟ್ಟವರು ವಿಲಿನ್ ಲೋ. ವಕೀಲಿಕೆ ಬಿಟ್ಟು 2005ರಲ್ಲಿ 'ವೈಲ್ಡ್ ರಾಕೆಟ್' ತೆರೆದ ಅವರು ತಮ್ಮ ಅಡುಗೆಯನ್ನು 'ಮಾಡ್-ಸಿನ್' ಎಂದು ಕರೆದರು, ಅಂದರೆ ಮಾಡರ್ನ್ ಸಿಂಗಪುರಿಯನ್. ಇಟಲಿಯ ಪೆಸ್ಟೊಗೆ ಬೇಸಿಲ್ ಬದಲು ಲಕ್ಸಾ ಎಲೆ ಅರೆದು, ಪಾಸ್ತಾಗೆ ಕಲಸಿ, ಸಿಗಡಿ ಹಾಕಿಕೊಟ್ಟದ್ದು ಅವರ ಹೆಸರುವಾಸಿ ತಿನಿಸು. ಲಕ್ಸಾ ಎಂದರೆ ತೆಂಗಿನಹಾಲಿನ ಖಾರದ ಸಾರಿನಲ್ಲಿ ಮುಳುಗಿದ ಅಕ್ಕಿ ನೂಡಲ್ಸ್. ಬೀದಿಬದಿಯ ಆ ಬಟ್ಟಲಿನ ಘಮವನ್ನು ಒಂದೇ ಎಲೆಯಿಂದ ಪಿಂಗಾಣಿ ತಟ್ಟೆಗೆ ತಂದ ಜಾಣ್ಮೆ ಅದು. 2018ರಲ್ಲಿ ವೈಲ್ಡ್ ರಾಕೆಟ್ ಬಾಗಿಲು ಹಾಕಿತು, ಹೆಸರು ಉಳಿಯಿತು. ಉಳಿದ ಹೆಸರಿನಡಿ ಹುಡುಗಾಟಗಳೂ ಬಂದವು. ಸಿಕ್ಕಿದ್ದಕ್ಕೆಲ್ಲ ಲಕ್ಸಾ ಪುಡಿ ಉದುರಿಸಿ ಮಾಡ್-ಸಿನ್ ಎಂದವರನ್ನು ಇಲ್ಲಿ ಲೆಕ್ಕಕ್ಕೆ ತೆಗೆದುಕೊಳ್ಳಬೇಕಿಲ್ಲ.

ನಿಜವಾದ ಪರೀಕ್ಷೆ ಕಾಣುವುದು ಬುವಾ ಕೆಲುವಾಕ್‌ನಲ್ಲಿ. ಇದು ಮಲಯ ದ್ವೀಪಗಳ ಒಂದು ಕಾಡುಮರದ ಬೀಜ. ಹಸಿಯಾಗಿ ತಿಂದರೆ ಸಯನೈಡ್ ವಿಷ. ಕುದಿಸಿ, ಬೂದಿಯಲ್ಲಿ ಮುಚ್ಚಿ, ವಾರಗಟ್ಟಲೆ ಮಣ್ಣಿನಲ್ಲಿ ಹೂತಿಟ್ಟ ಮೇಲೆ ಒಳಗಿನ ತಿರುಳು ಕಪ್ಪಾಗುತ್ತದೆ, ವಿಷ ಇಳಿಯುತ್ತದೆ. ಕೆಸುವಿನ ತುರಿಕೆ ಕಳೆಯುವ ಉಪಾಯ ಬಲ್ಲ ಮಲೆನಾಡಿನವರಿಗೆ ಇಂಥ ಜಾಣತನದ ಹಿಂದೆ ಎಷ್ಟು ತಲೆಮಾರಿನ ತಾಳ್ಮೆ ಇರುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ಅಂಗಡಿಯಿಂದ ತಂದ ಮೇಲೂ ಗಟ್ಟಿ ಚಿಪ್ಪಿನ ಈ ಬೀಜಗಳನ್ನು ದಿನಗಟ್ಟಲೆ ನೀರು ಬದಲಿಸಿ ನೆನೆಸಬೇಕು, ತಿಕ್ಕಿ ತೊಳೆಯಬೇಕು. ಆಮೇಲೆ ಸಣ್ಣ ಈರುಳ್ಳಿ, ಮೆಣಸಿನಕಾಯಿ, ಮಜ್ಜಿಗೆಹುಲ್ಲು, ಅರಿಸಿನ, ಬೆಲಚಾನ್ ಎಂಬ ಸಿಗಡಿ ಮುದ್ದೆ ಎಲ್ಲ ಅರೆದು, ಎಣ್ಣೆ ಬಿಡುವವರೆಗೆ ಹುರಿದು, ಹುಣಸೆರಸ ಹಾಕಿ ಕೋಳಿಯೊಡನೆ ಬೇಯಿಸಿದರೆ ಅದು ಆಯಂ ಬುವಾ ಕೆಲುವಾಕ್. ಅರೆದ ಆ ಮಸಾಲೆಗೆ ಅಲ್ಲಿ ರೆಂಪಾ ಎನ್ನುತ್ತಾರೆ. ಚೀನೀ ವ್ಯಾಪಾರಿಗಳು ಮಲಯ ನೆಲದಲ್ಲಿ ಮದುವೆಯಾಗಿ ನೆಲೆನಿಂತ ಪೆರನಾಕನ್ ಮನೆತನಗಳಲ್ಲಿ ಸೊಸೆಯ ಕೈಗುಣ ಅಳೆಯುತ್ತಿದ್ದದ್ದು ಇಂಥ ಅಡುಗೆಗಳಿಂದಲೇ.

ಮಾಲ್ಕಮ್ ಲೀ 2010ರಲ್ಲಿ ಆರಂಭಿಸಿದ 'ಕ್ಯಾಂಡಲ್‌ನಟ್' ಈ ಬೀಜವನ್ನು ಎರಡು ರೀತಿ ಬಡಿಸಿತು. ಒಂದು, ಮನೆಯಲ್ಲಿ ಮಾಡುವಂತೆ ಸಾರಿನಲ್ಲಿ. ಇನ್ನೊಂದು, ಚಾಕೊಲೇಟ್ ಬೆರೆಸಿದ ಐಸ್‌ಕ್ರೀಮ್ ಆಗಿ, ಮೇಲೆ ಒಂದಿಷ್ಟು ಮೆಣಸಿನ ಖಾರ ಉದುರಿಸಿ. ಕೇಳಿದರೆ ಚಮತ್ಕಾರ ಅನ್ನಿಸಬಹುದು. ಆದರೆ ಆ ಕಪ್ಪು ತಿರುಳಿನ ಒಗರು-ಕಹಿ ಮೊದಲೇ ಕೋಕೊವಿನ ನೆಂಟ. ಅದನ್ನು ನಾಲಿಗೆಯಿಂದ ಕಂಡುಕೊಂಡವರು ಮಾತ್ರ ಹೀಗೆ ಜೋಡಿಸಬಲ್ಲರು. ಆಗ್ನೇಯ ಏಷ್ಯಾದ ಮೊದಲ ಮಿಶೆಲಿನ್ ಗೈಡ್ 2016ರಲ್ಲಿ ಸಿಂಗಪುರದಲ್ಲಿ ಬಂದಾಗ ಕ್ಯಾಂಡಲ್‌ನಟ್‌ಗೆ ಒಂದು ತಾರೆ ಸಿಕ್ಕಿತು. ಪೆರನಾಕನ್ ಹೋಟೆಲೊಂದಕ್ಕೆ ಜಗತ್ತಿನಲ್ಲೇ ಸಿಕ್ಕ ಮೊದಲ ತಾರೆ ಅದು. ನೆನೆಸುವ, ತೊಳೆಯುವ, ಅರೆಯುವ ಕೆಲಸವನ್ನು ಲೀ ಮೊಟಕು ಮಾಡಲಿಲ್ಲ, ಬದಲಾದದ್ದು ತಟ್ಟೆ ಮಾತ್ರ. ಹೊಸ ಅಡುಗೆಯವರನ್ನು ತೂಗಲು ನನಗೆ ಇದೊಂದೇ ತಕ್ಕಡಿ ಸಾಕು.

ಈ ಓಟಕ್ಕೆ ಸೇರದವರೂ ಇದ್ದಾರೆ. ಯುರೋಪ್-ಏಷ್ಯಾ ಮಿಶ್ರ ಮೂಲದ ಯುರೇಷಿಯನ್ ಮನೆತನದ ಡೇಮಿಯನ್ ಡಿಸಿಲ್ವಾ ಅಜ್ಜನಿಂದ ಕಲಿತ ಅಡುಗೆಯನ್ನು ಅದರ ಗಡಸುತನದೊಂದಿಗೇ ಬಡಿಸುವ ಹಟ ಹಿಡಿದವರು. ನ್ಯಾಷನಲ್ ಗ್ಯಾಲರಿಯಲ್ಲಿ 2015ರಿಂದ ತಮ್ಮ ಹೆಸರಿನ ರೆಸ್ಟೋರೆಂಟ್ ನಡೆಸಿದ ವಯಲೆಟ್ ಊನ್ ನಡುದಾರಿಯವರು. ಅವರ 'ಡ್ರೈ ಲಕ್ಸಾ'ದಲ್ಲಿ ಸಾರೆಲ್ಲ ನೂಡಲ್ಸಿಗೆ ಇಂಗಿಹೋಗಿದೆ, ಬಟ್ಟಲಿಗೆ ಬಗ್ಗಬೇಕಾಗಿಲ್ಲ, ರೇಷ್ಮೆ ಬಟ್ಟೆಯ ಮೇಲೆ ಚೆಲ್ಲುವ ಭಯವೂ ಇಲ್ಲ!

ಇನ್ನು ಬೆಲೆಯ ಮಾತು. ಅಗ್ಗದ ತಿಂಡಿ ಮಳಿಗೆಗಳ ಸಮುಚ್ಚಯವಾದ ಹಾಕರ್ ಸೆಂಟರ್‌ನಲ್ಲಿ ಒಂದು ತಟ್ಟೆ ಚಿಕನ್ ರೈಸ್‌ಗೆ ನಾಲ್ಕೈದು ಸಿಂಗಪುರ ಡಾಲರ್. ಲ್ಯಾಬಿರಿಂತ್‌ನಂಥ ಕಡೆ ಒಬ್ಬರ ರಾತ್ರಿಯೂಟ ಇನ್ನೂರು ಡಾಲರ್ ದಾಟುತ್ತದೆ. ಈ ಅಂತರವನ್ನು ಬರಿ ಶ್ರೀಮಂತರ ಶೋಕಿ ಎಂದು ತಳ್ಳಿಹಾಕುವಂತಿಲ್ಲ. ತಿನ್ನುವುದರಲ್ಲಿ ಶೇ 90ಕ್ಕೂ ಹೆಚ್ಚು ಪಾಲನ್ನು ಹೊರಗಿನಿಂದ ತರಿಸುವ ದ್ವೀಪ ಅದು. 2017ರ ಹೊತ್ತಿಗೆ ಹಾನ್ ಲೀ ಗ್ವಾಂಗ್ ಚಮತ್ಕಾರ ಕಡಿಮೆ ಮಾಡಿ, ಅಲ್ಲೇ ಸಾಕಿದ ಮೀನು, ಅಲ್ಲೇ ಇಟ್ಟ ಗೌಜಿಗದ ಮೊಟ್ಟೆ ಹುಡುಕಿಕೊಂಡು ಹೊರಟರು. ಆಮದನ್ನೇ ನೆಚ್ಚಿದ ದ್ವೀಪದಲ್ಲಿ ಅಂಥ ಪದಾರ್ಥ ದುಬಾರಿ. ನಾಲ್ಕು ಡಾಲರ್‌ನ ತಟ್ಟೆಗೆ ಅದು ಹೊಂದುವುದಿಲ್ಲ.

ನನ್ನನ್ನು ಕಾಡುವುದು ಐಸ್‌ಕ್ರೀಮ್ ಅಲ್ಲ, ಆ ನಾಲ್ಕು ಡಾಲರ್. ಬೀದಿ ವ್ಯಾಪಾರಿಗಳನ್ನು ಸರ್ಕಾರ ಎಪ್ಪತ್ತು-ಎಂಬತ್ತರ ದಶಕಗಳಲ್ಲಿ ಹಾಕರ್ ಸೆಂಟರ್‌ಗಳ ಸೂರಿನಡಿ ತಂದಿತು. ಅಂಥ ಸೆಂಟರ್‌ಗಳು ಈಗ 110ಕ್ಕೂ ಹೆಚ್ಚು. 2020ರ ಡಿಸೆಂಬರ್‌ನಲ್ಲಿ ಯುನೆಸ್ಕೊ ಈ ಸಂಸ್ಕೃತಿಯನ್ನು ಪರಂಪರೆಯ ಪಟ್ಟಿಗೆ ಸೇರಿಸಿತು. ಆದರೆ ಒಲೆಯ ಮುಂದೆ ನಿಂತವರಲ್ಲಿ ಬಹಳಷ್ಟು ಮಂದಿ ಅರವತ್ತರ ಹತ್ತಿರದವರು. ಬೆಳಗಿನ ಜಾವ ಎದ್ದು, ಸೆಕೆಯಲ್ಲಿ ಬೆಂದು, ನಾಲ್ಕು ಡಾಲರ್‌ಗೆ ಮಾರುವ ಕೆಲಸಕ್ಕೆ ಅವರ ಮಕ್ಕಳು ಬರುತ್ತಿಲ್ಲ. ಅಮೋಯ್ ಸ್ಟ್ರೀಟ್ ಫುಡ್ ಸೆಂಟರ್‌ನಲ್ಲಿ 2013ರಲ್ಲಿ 'ಎ ನೂಡಲ್ ಸ್ಟೋರಿ' ಮಳಿಗೆ ತೆರೆದ ಗ್ವೆರ್ನ್ ಖೂ ಮತ್ತು ಬೆನ್ ಥಾಮ್ ಅಪವಾದ. ದೊಡ್ಡ ರೆಸ್ಟೋರೆಂಟುಗಳ ಅಡುಗೆಮನೆಯಲ್ಲಿ ಪಳಗಿದ ಇವರು, ಸಿಂಗಪುರದ ವಾಂಟನ್ ನೂಡಲ್ಸನ್ನು ಜಪಾನಿನ ರಾಮೆನ್ ಶೈಲಿಯಲ್ಲಿ ಜೋಡಿಸಿ ಹಾಕರ್ ಮಳಿಗೆಯಲ್ಲೇ ಮಾರಿದರು. ಪುನರಾವಿಷ್ಕಾರ ಎಂಬ ದೊಡ್ಡ ಮಾತಿಗೆ ನನ್ನ ಮತ ಬೀಳುವುದು ಈ ಮಳಿಗೆಗೆ.

ಸಿಂಗಪುರಕ್ಕೆ ಹೋಗುವವರು ಮೊದಲು ಹಾಕರ್ ಸೆಂಟರ್‌ನಲ್ಲಿ ಲಕ್ಸಾ ತಿನ್ನಿ, ಆಮೇಲೆ ರೆಸ್ಟೋರೆಂಟಿನದು. ಮೂಲದ ರುಚಿ ಗೊತ್ತಿಲ್ಲದೆ ಮಾರ್ಪಾಡಿಗೆ ಇನ್ನೂರು ಡಾಲರ್ ಕೊಡುವುದು ದಂಡ. ಸಸ್ಯಾಹಾರಿಗಳು ಒಂದು ಮಾತು ನೆನಪಿಡಿ. ಬೆಲಚಾನ್ ಎಂದರೆ ಹುದುಗಿಸಿದ ಸಿಗಡಿಯ ಮುದ್ದೆ, ಬರಿ ಸೊಪ್ಪಿನ ಪಲ್ಯದಲ್ಲೂ ಅದು ಅಡಗಿರುತ್ತದೆ. ಟೇಬಲ್ ಕಾಯ್ದಿರಿಸುವಾಗಲೇ ಬೇಡವೆಂದು ಹೇಳಿಬಿಡಿ, ಅರೆದಾದ ಮೇಲೆ ಅದನ್ನು ಮಸಾಲೆಯಿಂದ ಬೇರ್ಪಡಿಸಲು ಎಷ್ಟು ತಾರೆಗಳ ಬಾಣಸಿಗನಿಗೂ ಆಗದು.