ಖಾತೆ ನಿಮ್ಮದು, ಬೀಗದ ಕೈ ಯಾರದು?

ಜಿಯೋ ಸಿಮ್ ಇರುವವರು ಏರ್‌ಟೆಲ್ ನಂಬರಿಗೆ ಕರೆ ಮಾಡಬಹುದು. ಜಿಮೇಲ್‌ನಿಂದ ಕಳುಹಿಸಿದ ಇಮೇಲ್ ಯಾಹೂ ವಿಳಾಸಕ್ಕೂ ತಲುಪುತ್ತದೆ. ಆದರೆ ಇನ್‌ಸ್ಟಾಗ್ರಾಂ ಖಾತೆಯಿಂದ ಎಕ್ಸ್‌ನಲ್ಲಿರುವ ಗೆಳೆಯನನ್ನು ಫಾಲೋ ಮಾಡಲು ಆಗುವುದಿಲ್ಲ. ಏಕೆ?

ಇಮೇಲ್ ಸಾಗಿಸಲು ಎಲ್ಲರೂ ಒಪ್ಪಿಕೊಂಡ ನಿಯಮಗಳಿವೆ. ಇಂತಹ ನಿಯಮಗಳಿಗೆ ‘ಪ್ರೋಟೋಕಾಲ್’ ಎನ್ನುತ್ತಾರೆ. ಇಮೇಲ್‌ನ ಎಸ್‌ಎಂಟಿಪಿ ಪ್ರೋಟೋಕಾಲ್ 1982ರಲ್ಲಿ ಪ್ರಕಟವಾಯಿತು. ಅದು ಯಾವ ಕಂಪನಿಯ ಸ್ವತ್ತೂ ಅಲ್ಲ. ಯಾರು ಬೇಕಾದರೂ ಬಳಸಬಹುದು. ಹೆಚ್ಚಿನ ಸಾಮಾಜಿಕ ಜಾಲತಾಣಗಳು ಹಾಗಲ್ಲ. ಅಲ್ಲಿ ನಿಯಮವೂ ಸರ್ವರ್ ಕೂಡ ಒಂದೇ ಕಂಪನಿಯ ಕೈಯಲ್ಲಿರುತ್ತವೆ. ಕಂಪನಿ ಬಾಗಿಲು ಹಾಕಿದರೆ ಅಲ್ಲಿ ಕೂಡಿದ್ದ ಸ್ನೇಹಬಳಗವೂ ಚದುರುತ್ತದೆ. ಭಾರತದಲ್ಲಿ ಜನಪ್ರಿಯವಾಗಿದ್ದ ಆರ್ಕುಟ್ ಅನ್ನು ಗೂಗಲ್ 2014ರಲ್ಲಿ ಮುಚ್ಚಿದಾಗ ಆದದ್ದು ಇದೇ.

ಇದಕ್ಕೊಂದು ಪರ್ಯಾಯ ‘ಆಕ್ಟಿವಿಟಿಪಬ್’ ಎಂಬ ಮುಕ್ತ ಪ್ರೋಟೋಕಾಲ್. ವೆಬ್‌ನ ಮಾನದಂಡಗಳನ್ನು ರೂಪಿಸುವ ಡಬ್ಲ್ಯು3ಸಿ ಸಂಸ್ಥೆ 2018ರ ಜನವರಿಯಲ್ಲಿ ಇದನ್ನು ಮಾನದಂಡವಾಗಿ ಅಂಗೀಕರಿಸಿತು. ಇದರಲ್ಲಿ ಪ್ರತಿ ಖಾತೆಗೂ ಒಂದು ಇನ್‌ಬಾಕ್ಸ್ ಮತ್ತು ಒಂದು ಔಟ್‌ಬಾಕ್ಸ್ ಇರುತ್ತದೆ. ನೀವು ಪೋಸ್ಟ್ ಮಾಡಿದ್ದು ನಿಮ್ಮ ಔಟ್‌ಬಾಕ್ಸ್‌ಗೆ ಸೇರುತ್ತದೆ. ನಿಮ್ಮನ್ನು ಫಾಲೋ ಮಾಡುವವರು ಬೇರೆ ಬೇರೆ ಸರ್ವರ್‌ಗಳಲ್ಲಿದ್ದರೂ ಅದರ ಪ್ರತಿಯನ್ನು ಅವರ ಇನ್‌ಬಾಕ್ಸ್‌ಗೆ ನಿಮ್ಮ ಸರ್ವರೇ ತಲುಪಿಸುತ್ತದೆ. 2016ರಲ್ಲಿ ಜರ್ಮನಿಯಲ್ಲಿ ಆರಂಭವಾದ ಮಾಸ್ಟೊಡಾನ್, ಫೋಟೋಗಳ ಪಿಕ್ಸೆಲ್‌ಫೆಡ್, ವಿಡಿಯೋಗಳ ಪೀರ್‌ಟ್ಯೂಬ್ ಇಂದು ಇದೇ ಪ್ರೋಟೋಕಾಲ್ ಬಳಸುತ್ತವೆ. 2019ರಲ್ಲಿ ಸುಪ್ರೀಂ ಕೋರ್ಟ್ ವಕೀಲ ಸಂಜಯ್ ಹೆಗ್ಡೆ ಅವರ ಟ್ವಿಟರ್ ಖಾತೆ ಅಮಾನತಾದಾಗ, ಅದನ್ನು ವಿರೋಧಿಸಿ ಭಾರತದ ಅನೇಕರು ಮಾಸ್ಟೊಡಾನ್ ಸೇರಿದ್ದರು.

ಇದರ ದೊಡ್ಡ ಲಾಭವೆಂದರೆ ಬಿಟ್ಟು ಹೋಗುವ ಸ್ವಾತಂತ್ರ್ಯ. ಒಂದು ಸರ್ವರ್‌ನ ನಿಯಮ ಹಿಡಿಸದಿದ್ದರೆ ಇನ್ನೊಂದಕ್ಕೆ ಹೋಗಬಹುದು. ಮಾಸ್ಟೊಡಾನ್‌ನಲ್ಲಿ ಫಾಲೋವರ್‌ಗಳನ್ನೂ ಹೊಸ ಖಾತೆಗೆ ವರ್ಗಾಯಿಸಿಕೊಳ್ಳಬಹುದು. ಹಳೆಯ ಪೋಸ್ಟ್‌ಗಳು ಮಾತ್ರ ಹಳೆಯ ಖಾತೆಯಲ್ಲೇ ಉಳಿಯುತ್ತವೆ. ಬ್ಲೂಸ್ಕೈ ಬಳಸುವ ‘ಎಟಿ ಪ್ರೋಟೋಕಾಲ್’ ಅನ್ನು ಪೋಸ್ಟ್‌ಗಳ ಸಮೇತ ಸ್ಥಳಾಂತರಗೊಳ್ಳಲು ಸಾಧ್ಯವಾಗುವಂತೆ ರೂಪಿಸಲಾಗಿದೆ.

ಆದರೂ ಎಚ್ಚರ ಬೇಕು. ಮಾಸ್ಟೊಡಾನ್‌ನ ಖಾಸಗಿ ಸಂದೇಶಗಳಿಗೆ ವಾಟ್ಸಾಪ್‌ನಂತಹ ಗೂಢಲಿಪಿ ರಕ್ಷಣೆ ಇಲ್ಲ. ಸರ್ವರ್ ನಡೆಸುವವರು ಬಯಸಿದರೆ ಓದಬಹುದು. ನೀವು ಅಳಿಸಿದ ಪೋಸ್ಟ್‌ನ ಪ್ರತಿ ಬೇರೊಂದು ಸರ್ವರ್‌ನಲ್ಲಿ ಉಳಿದಿರಲೂಬಹುದು. ಸರ್ವರ್ ನಡೆಸಲು ಹಣ, ಸಮಯ ಎರಡೂ ಬೇಕು. ಅದು ನಿಂತುಹೋದರೆ ಅಲ್ಲಿನ ಖಾತೆಗಳೂ ಹೋಗುತ್ತವೆ.

ಆಕ್ಟಿವಿಟಿಪಬ್‌ನ ನಿಯಮಗಳನ್ನೂ ಮಾಸ್ಟೊಡಾನ್‌ನ ಕೋಡನ್ನೂ ಯಾರು ಬೇಕಾದರೂ ಉಚಿತವಾಗಿ ಓದಬಹುದು. ನಮ್ಮ ಕಂಪ್ಯೂಟರ್ ಸೈನ್ಸ್ ವಿದ್ಯಾರ್ಥಿಗಳು ಒಮ್ಮೆ ತೆರೆದು ನೋಡಲಿ. ಉಳಿದವರು ಮುಂದಿನ ಸಲ ಹೊಸ ಆ್ಯಪ್‌ನಲ್ಲಿ ಖಾತೆ ತೆರೆಯುವಾಗ ಒಂದು ಪ್ರಶ್ನೆ ಕೇಳಿಕೊಂಡರೆ ಸಾಕು: ನಾಳೆ ಇಲ್ಲಿಂದ ಹೊರಟರೆ ನನ್ನ ಗೆಳೆಯರು ನನ್ನೊಂದಿಗೆ ಬರುತ್ತಾರೆಯೇ?